ಹಸಿದ ಕಾಲುಗಳು

ಹದಿನೆಂಟು ವಾರಗಳ ತಯಾರಿ ಮುಗಿದ ದಿನ ತೂಕದ ಮಷೀನಿನ ಮೇಲೆ ನಿಂತೆ. ಅಷ್ಟು ವಾರಗಳಲ್ಲಿ 800 ಕಿಲೋಮೀಟರಿಗೂ ಹೆಚ್ಚು ಓಡಿದ್ದೆ. ಕತ್ತಲಿರುವಾಗಲೇ ಎದ್ದು ಲೇಸ್ ಬಿಗಿದಿದ್ದೆ, ಮಳೆಯಲ್ಲಿ ತೊಯ್ದಿದ್ದೆ, ಒಂದು ಜೊತೆ ಶೂ ಪೂರ್ತಿ ಸವೆದು ಎರಡನೆಯದು ಅರ್ಧಕ್ಕೆ ಬಂದಿತ್ತು. ಮೊದಲ ದಿನ 78 ಇದ್ದ ತೂಕ ಈಗ 79. ಮಷೀನನ್ನು ಇನ್ನೊಂದು ಮೂಲೆಗೆ ಸರಿಸಿ ಮತ್ತೆ ನಿಂತೆ. ಅದೇ 79. ಓಟಕ್ಕೆ ಹೆಸರು ಕೊಟ್ಟಾಗ ಮನಸ್ಸಿನಲ್ಲಿ ಎರಡು ಆಸೆಗಳಿದ್ದವು: ಮೊದಲ ಫುಲ್ ಮ್ಯಾರಥಾನ್ ಮುಗಿಸಬೇಕು, ಹಾಗೆಯೇ ಎಂಟು ಕಿಲೋ ಇಳಿಯಬೇಕು. ಎರಡೂ ಒಂದೇ ದಾರಿಯಲ್ಲಿ ಸಿಗುವ ಊರುಗಳು ಎಂದುಕೊಂಡಿದ್ದೆ. ಇಷ್ಟು ಓಡಿದ ಮೇಲೆ ತೂಕ ಇಳಿಯದೆ ಏನು ಮಾಡೀತು? ಇಳಿದ ಮೇಲೆ ಓಟ ಹಗುರಾಗದೆ ಹೇಗಿದ್ದೀತು?

ಅದಾಗಿ ಎರಡು ವರ್ಷವಾಯಿತು. ಓಟವನ್ನು ಹೇಗೋ ಮುಗಿಸಿದೆ, ಕೊನೆಯ 11 ಕಿಲೋಮೀಟರನ್ನು ಹೆಚ್ಚುಕಡಿಮೆ ನಡೆದೇ. ಕಾಲುನೋವು ಒಂದು ವಾರಕ್ಕೆ ಹೋಯಿತು. ಆದರೆ ಆ 79 ಎಂಬ ಅಂಕಿ ನನ್ನನ್ನು ಬಿಡಲಿಲ್ಲ. ಸೋಮಾರಿತನವಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಹೊಟ್ಟೆಬಾಕತನವಿದ್ದಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಆದರೆ ಆ ಹದಿನೆಂಟು ವಾರ ನಾನು ಬದುಕಿನಲ್ಲಿ ಎಂದೂ ಇರದಷ್ಟು ಕಟ್ಟುನಿಟ್ಟಾಗಿದ್ದೆ, ಎಂದೂ ಇರದಷ್ಟು ಹಸಿದೂ ಇದ್ದೆ. ಹಸಿವನ್ನೂ ಅನುಭವಿಸಿ ತೂಕವನ್ನೂ ಇಳಿಸದೆ ಉಳಿದದ್ದು ಹೇಗೆ ಎಂಬುದನ್ನು ಬಿಡಿಸಿಕೊಳ್ಳಲು ನನಗೆ ಇಷ್ಟು ಸಮಯ ಹಿಡಿಯಿತು.

ಹಗುರಾಗಬೇಕೆನ್ನುವ ಆಸೆಯಲ್ಲಿ ತಪ್ಪಿದೆ ಎಂದು ನನಗೆ ಈಗಲೂ ಅನಿಸುವುದಿಲ್ಲ. ಓಡುವವರು ಪ್ರತಿ ಕಿಲೋಮೀಟರಿಗೆ, ತಮ್ಮ ತೂಕದ ಪ್ರತಿ ಕಿಲೋಗೆ, ಸರಿಸುಮಾರು ಒಂದು ಕ್ಯಾಲೊರಿ ಖರ್ಚು ಮಾಡುತ್ತಾರೆ. 78 ಕಿಲೋದ ಮೈ ಮ್ಯಾರಥಾನಿನ 42.195 ಕಿಲೋಮೀಟರ್ ದಾಟಲು ಸುಮಾರು 3,300 ಕ್ಯಾಲೊರಿ ಬೇಕು. ಅದೇ ಮೈ 73 ಆದರೆ 200 ಕ್ಯಾಲೊರಿಗೂ ಹೆಚ್ಚು ಉಳಿತಾಯ. ಮೂವತ್ತೈದನೆಯ ಕಿಲೋಮೀಟರಿನಲ್ಲಿ ಆ 200 ಕ್ಯಾಲೊರಿಯ ಬೆಲೆ ಏನೆಂದು ಅಲ್ಲಿಗೆ ಹೋಗಿಬಂದವರಿಗೆ ಗೊತ್ತು. ಮಂಡಿಗೆ ಬೀಳುವ ಪೆಟ್ಟೂ ಕಡಿಮೆ. ಆಸೆ ಸರಿಯಾಗಿಯೇ ಇತ್ತು, ಅದನ್ನು ತೀರಿಸಿಕೊಳ್ಳಲು ನಾನು ಆರಿಸಿಕೊಂಡ ಹೊತ್ತು ಸರಿಯಿರಲಿಲ್ಲ.

ಇಪ್ಪತ್ನಾಲ್ಕನೆಯ ಕಿಲೋಮೀಟರು

ತಯಾರಿಯ ಹನ್ನೊಂದನೆಯ ವಾರ. ಭಾನುವಾರದ ಲಾಂಗ್ ರನ್, ಎಂದರೆ ವಾರದ ಅತಿ ದೂರದ ಓಟ, 28 ಕಿಲೋಮೀಟರ್. ಹಿಂದಿನ ರಾತ್ರಿ ಒಂದು ಬಟ್ಟಲು ತರಕಾರಿ, ಎರಡು ಮೊಟ್ಟೆ ತಿಂದು ಮಲಗಿದ್ದೆ. ಬೆಳಿಗ್ಗೆ ನೀರು ಬಿಟ್ಟರೆ ಏನೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ ಎಂದು ಎಲ್ಲೋ ಕೇಳಿದ್ದೆ, ಕೇಳಿದ್ದನ್ನು ನಂಬಿದ್ದೆ. ಜೇಬಿನಲ್ಲಿ ಒಂದು ಜೆಲ್, ಓಡುತ್ತಲೇ ನುಂಗುವ ಸಕ್ಕರೆ ಪಾಕದ ಪೊಟ್ಟಣ, ಇತ್ತು. ಅದನ್ನು ಮುಟ್ಟದೆ ಮನೆಗೆ ತಂದರೆ ಗೆದ್ದ ಹಾಗೆ ಎಂಬ ಲೆಕ್ಕ ನನ್ನದು. ಮೊದಲ 15 ಕಿಲೋಮೀಟರ್ ಎಷ್ಟು ಚೆನ್ನಾಗಿತ್ತೆಂದರೆ ನಾನು ಕಂಡುಕೊಂಡ ದಾರಿ ಉಳಿದವರಿಗೆ ಯಾಕೆ ಗೊತ್ತಿಲ್ಲ ಎಂದು ಆಶ್ಚರ್ಯಪಟ್ಟಿದ್ದೆ. ಹತ್ತೊಂಬತ್ತಕ್ಕೆ ವೇಗ ಕುಸಿಯಿತು. ಇಪ್ಪತ್ತೆರಡಕ್ಕೆ ಕೈಬೆರಳು ತಣ್ಣಗಾದವು. ಇಪ್ಪತ್ನಾಲ್ಕರಲ್ಲಿ ವಾಚಿನ ಅಂಕಿಗಳು ಕಾಣುತ್ತಿದ್ದವು, ಆದರೆ ಇಪ್ಪತ್ತೆಂಟರಿಂದ ಇಪ್ಪತ್ನಾಲ್ಕು ಕಳೆದರೆ ಎಷ್ಟು ಎಂಬುದು ಹೊಳೆಯಲಿಲ್ಲ. ನಿಜವಾಗಿಯೂ ಹೊಳೆಯಲಿಲ್ಲ. ರಸ್ತೆಯ ಬದಿಯಲ್ಲಿ ಕೂತೆ. ಯಾಕೆಂದು ಗೊತ್ತಿಲ್ಲದೆ ಕಣ್ಣಲ್ಲಿ ನೀರು ಬರುತ್ತಿತ್ತು. ಜೇಬಿನಲ್ಲಿ ಜೆಲ್ ಇದೆ ಎಂಬುದೂ ಮರೆತುಹೋಗಿತ್ತು.

ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಲ್ಲಿಸಿ, ಏನೂ ಕೇಳದೆ, ಚೀಲದಿಂದ ಬಾಳೆಹಣ್ಣು ತೆಗೆದು ಕೈಗಿಟ್ಟರು. ಸಿಪ್ಪೆ ಸುಲಿಯಲು ಬೆರಳು ಬಗ್ಗಲಿಲ್ಲ, ಅವರೇ ಸುಲಿದುಕೊಟ್ಟರು. ಹತ್ತು ನಿಮಿಷ ಕಳೆದ ಮೇಲೆ ಲೋಕ ಮತ್ತೆ ಬಣ್ಣ ತುಂಬಿಕೊಂಡಿತು. ಅವರು ಹೊರಡುವ ಮುನ್ನ ಒಂದೇ ಮಾತು ಕೇಳಿದರು: "ತಿಂದು ಬಂದಿರಲಿಲ್ಲವೇ?"

ಕೂತ ಆ ಕ್ಷಣದಲ್ಲೂ ನನ್ನ ಮೈಯಲ್ಲಿ ಕಡಿಮೆಯೆಂದರೂ 16 ಕಿಲೋ ಕೊಬ್ಬಿತ್ತು. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಎಂದರೆ 1,20,000 ಕ್ಯಾಲೊರಿಗೂ ಹೆಚ್ಚು, ಮೂವತ್ತಾರು ಮ್ಯಾರಥಾನಿಗೆ ಆಗುವಷ್ಟು ಶಕ್ತಿ ಹೊತ್ತುಕೊಂಡು, ಒಂದು ಬಾಳೆಹಣ್ಣಿಗಾಗಿ ಕೂತಿದ್ದೆ. ಕೊಬ್ಬು ಒಲೆಯಲ್ಲಿನ ದಪ್ಪ ಕೊರಡಿನ ಹಾಗೆ. ಉರಿಯುತ್ತದೆ, ಬಹಳ ಹೊತ್ತು ಉರಿಯುತ್ತದೆ, ಆದರೆ ನಿಧಾನ. ಬೆಂಕಿ ಜೋರಾಗಬೇಕೆಂದರೆ ಚಕ್ಕೆ ಹಾಕಬೇಕು. ಆ ಚಕ್ಕೆಯೇ ಗ್ಲೈಕೋಜನ್, ಊಟದ ಪಿಷ್ಟ, ಸಕ್ಕರೆಯಿಂದ ಮೈ ಕೂಡಿಟ್ಟುಕೊಳ್ಳುವ ದಾಸ್ತಾನು: ಸ್ನಾಯುಗಳಲ್ಲಿ 400ರಿಂದ 500 ಗ್ರಾಂ, ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಅಷ್ಟೇ. ಹೊಟ್ಟೆ ತುಂಬ ತಿಂದು ಮಲಗಿದರೂ ಬೆಳಗಿನ ಹೊತ್ತಿಗೆ ಪಿತ್ತಜನಕಾಂಗದ ಪಾಲು ಬಹಳಷ್ಟು ಕರಗಿರುತ್ತದೆ. ಮಿದುಳಿಗೆ ಸಕ್ಕರೆ ಹರಿಯುವುದು ಅಲ್ಲಿಂದಲೇ. ನಾನು ತುಂಬಿಸದೆ ಮಲಗಿದ್ದೆ, ತುಂಬಿಸದೆ ಎದ್ದಿದ್ದೆ. ಕಳೆಯುವ ಲೆಕ್ಕ ಮರೆತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1924ರ ಬೋಸ್ಟನ್ ಮ್ಯಾರಥಾನಿನಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಜೊತೆಯ ವೈದ್ಯರು ಓಟ ಮುಗಿಸಿದವರ ರಕ್ತ ಪರೀಕ್ಷಿಸಿದ್ದರು. ತೀರಾ ಬಸವಳಿದು ಬಂದವರ ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ಮರುವರ್ಷ ಕೆಲವರಿಗೆ ಹಿಂದಿನ ದಿನ ಚೆನ್ನಾಗಿ ಪಿಷ್ಟದ ಊಟ ಮಾಡಲು ಹೇಳಿ, ಓಟದ ನಡುವೆ ಸಿಹಿ ಮಿಠಾಯಿ ಕೊಟ್ಟು ನೋಡಿದರು. ಅವರು ಸುಸ್ಥಿತಿಯಲ್ಲಿ ಬಂದು ತಲುಪಿದರು. ನೂರು ವರ್ಷದ ಹಿಂದೆಯೇ ಗೊತ್ತಾಗಿದ್ದ ವಿಷಯ ಅದು. ನನ್ನ ಜೇಬಿನಲ್ಲಿದ್ದ ಜೆಲ್ ಆ ಮಿಠಾಯಿಯ ಮೊಮ್ಮಗು. ಅದನ್ನು ಮುಟ್ಟದಿರುವುದನ್ನೇ ನಾನು ಶಿಸ್ತು ಎಂದು ಕರೆದಿದ್ದೆ.

ಖಾಲಿ ಹೊಟ್ಟೆಯ ಓಟದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಉಪವಾಸದಲ್ಲಿ ಓಡಿದಾಗ ಆ ಗಂಟೆಯಲ್ಲಿ ಕೊಬ್ಬಿನ ಪಾಲು ಹೆಚ್ಚು ಉರಿಯುತ್ತದೆ ಎಂಬುದು ನಿಜವೇ. ಆದರೆ ಮೈ ದಿನದ ಉಳಿದ ಗಂಟೆಗಳಲ್ಲಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಯುವತಿಯರು ನಾಲ್ಕು ವಾರ ವ್ಯಾಯಾಮ ಮಾಡಿದರು, ಅರ್ಧ ಜನ ತಿಂದು, ಅರ್ಧ ಜನ ತಿನ್ನದೆ. ಎರಡು ಗುಂಪಿನ ದಿನದ ಒಟ್ಟು ಆಹಾರದಲ್ಲಿ ಒಂದೇ ಅಳತೆಯ ಕಡಿತವಿತ್ತು. ಕೊನೆಗೆ ಇಳಿದ ತೂಕದಲ್ಲಿ, ಕೊಬ್ಬಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆರು ಕಿಲೋಮೀಟರಿನ ಸಾವಕಾಶದ ಓಟಕ್ಕೆ ನಾನು ಈಗಲೂ ಬರಿಹೊಟ್ಟೆಯಲ್ಲಿ ಹೋಗುತ್ತೇನೆ, ಹೊಟ್ಟೆ ಹಗುರಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ. ತೂಕದ ಆಸೆಯಿಂದ ಅಲ್ಲ.

ಕತ್ತಲೆಯ ಅಡುಗೆಮನೆ

ಆ ಭಾನುವಾರದ ಕಥೆ ಬಾಳೆಹಣ್ಣಿಗೆ ಮುಗಿಯಲಿಲ್ಲ. ನನಗೆ ನಿಜವಾಗಿ ಪಾಠವಾದದ್ದು ಅದೇ ರಾತ್ರಿ. ಮನೆಗೆ ಬಂದು ಸ್ನಾನ ಮಾಡಿ, ಸ್ವಲ್ಪ ಮೊಸರು, ಹಣ್ಣು ತಿಂದು, ದಿನವಿಡೀ ಸೋಫಾ ಬಿಟ್ಟು ಏಳಲಿಲ್ಲ. ವಿಚಿತ್ರವೆಂದರೆ ಮಧ್ಯಾಹ್ನ ಹಸಿವೇ ಇರಲಿಲ್ಲ. ದೂರದ, ಜೋರಿನ ಓಟದ ನಂತರ ಕೆಲವು ಗಂಟೆ ಹಸಿವು ಸುಮ್ಮನಾಗುವುದುಂಟು. ನಾನು ಅದನ್ನು ನನ್ನ ಗೆಲುವೆಂದು ಬರೆದುಕೊಂಡೆ. ಸಂಜೆ ಫೋನಿನ ಆ್ಯಪ್ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು: ಇವತ್ತು 1,900 ಕ್ಯಾಲೊರಿ ಕೊರತೆ. ರಾತ್ರಿ ಹನ್ನೊಂದೂವರೆಗೆ ಎಚ್ಚರವಾಯಿತು. ಅಡುಗೆಮನೆಗೆ ಹೋದೆ. ದೀಪ ಹಾಕಲಿಲ್ಲ. ಫ್ರಿಜ್ಜಿನ ಬಾಗಿಲ ಬೆಳಕಿನಲ್ಲಿ ನಿಂತು ಬ್ರೆಡ್ಡಿನ ಪೊಟ್ಟಣ ಬಿಚ್ಚಿ, ಒಂದಾದ ಮೇಲೊಂದು, ಬೆಣ್ಣೆ ಹಚ್ಚಿ, ಆಮೇಲೆ ಬೆಣ್ಣೆಯನ್ನೂ ಹಚ್ಚದೆ, ಪೊಟ್ಟಣ ಖಾಲಿಯಾಗುವವರೆಗೆ ತಿಂದೆ. ನಂತರ ಕಡಲೆಕಾಯಿ ಬೀಜದ ಡಬ್ಬಿ. ನಂತರ ಬಿಸ್ಕತ್ತು. ರುಚಿ ಗೊತ್ತಾಗುತ್ತಿರಲಿಲ್ಲ. ಕೈ ಬಾಯಿಗೆ ಹೋಗುತ್ತಿತ್ತು, ಬರುತ್ತಿತ್ತು. ಮನೆಯವರು ಯಾರಾದರೂ ಎದ್ದುಬಂದರೆ ಎಂದು ಕಿವಿ ಬಾಗಿಲ ಕಡೆಗಿತ್ತು. ಅಂಥ ರಾತ್ರಿ ಅದೊಂದೇ ಅಲ್ಲ. ವಾರಕ್ಕೆ ಎರಡು, ಕೆಲವೊಮ್ಮೆ ಮೂರು. ಅವುಗಳನ್ನು ಆ್ಯಪಿನಲ್ಲಿ ಬರೆಯುತ್ತಿರಲಿಲ್ಲ.

ಹಾಗಾಗಿ ನನ್ನ 79ಕ್ಕೆ ಉತ್ತರ ಅಡುಗೆಮನೆಯಲ್ಲಿತ್ತು. ಆದರೆ ಅಲ್ಲಿ ನಿಂತು "ನಿನಗೆ ಸಂಯಮವಿಲ್ಲ" ಎಂದು ನನಗೆ ನಾನೇ ಬೈದುಕೊಂಡದ್ದು ತಪ್ಪು. ಮರುದಿನ ಬೆಳಿಗ್ಗೆ ಪ್ರಾಯಶ್ಚಿತ್ತವೆಂದು ಮತ್ತೆ ತಿನ್ನದೆ ಓಡಿದ್ದು ಇನ್ನೂ ದೊಡ್ಡ ತಪ್ಪು. ಬೆಳಗಿನ ಆ ಹಸಿವೇ ರಾತ್ರಿಯ ಬ್ರೆಡ್ಡನ್ನು ಹುಟ್ಟಿಸುತ್ತಿತ್ತು. ಎರಡೂ ಕೈ ಹಿಡಿದುಕೊಂಡು ಸುತ್ತುತ್ತಿದ್ದವು, ನಡುವೆ ನಾನಿದ್ದೆ.

ಆ ದಿನಗಳಲ್ಲಿ ಇನ್ನೊಂದು ಅಭ್ಯಾಸ ಅಂಟಿಕೊಂಡಿತ್ತು: ಅಡುಗೆ ವಿಡಿಯೊ ನೋಡುವುದು. ಗಂಟೆಗಟ್ಟಲೆ, ನಾನು ಎಂದೂ ಮಾಡದ, ಮಾಡುವ ಉದ್ದೇಶವೂ ಇಲ್ಲದ ಅಡುಗೆಗಳು. ಬಹಳ ತಿಂಗಳ ನಂತರ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಹಸಿವಿನ ಪ್ರಯೋಗದ ಬಗ್ಗೆ ಓದಿದಾಗ ಮೈ ಜುಮ್ಮೆಂದಿತು. ಯುದ್ಧಕ್ಕೆ ಹೋಗಲು ಆತ್ಮಸಾಕ್ಷಿಯ ಕಾರಣಕ್ಕೆ ಒಪ್ಪದ 36 ಯುವಕರು ಅದಕ್ಕೆ ತಾವಾಗಿ ಮುಂದೆ ಬಂದಿದ್ದರು. ಆರು ತಿಂಗಳು ಅವರಿಗೆ ದಿನಕ್ಕೆ 1,600 ಕ್ಯಾಲೊರಿಯ ಆಸುಪಾಸಿನ ಊಟ, ವಾರಕ್ಕೆ 22 ಮೈಲಿ ನಡಿಗೆ. ತೂಕದ ಕಾಲು ಭಾಗ ಹೋಯಿತು. ಜೊತೆಗೆ ಗೆಲುವು ಹೋಯಿತು, ಮೈ ಸದಾ ತಣ್ಣಗಿರತೊಡಗಿತು, ಓದಿನಲ್ಲಿ ಮನಸ್ಸು ನಿಲ್ಲದಾಯಿತು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು, ಪಾಕವಿಧಾನಗಳನ್ನು ಕತೆಯ ಹಾಗೆ ಓದತೊಡಗಿದರು. ನನ್ನದನ್ನು ಅವರ ಕಷ್ಟಕ್ಕೆ ಹೋಲಿಸುವುದಿಲ್ಲ, ಅದು ತಪ್ಪಾಗುತ್ತದೆ. ಆದರೆ ಅವರಿಗೆ ಕೊಟ್ಟ 1,600 ಎಂಬ ಅಂಕಿ ನನ್ನ ಆ್ಯಪ್ ನನಗೆ ಕೊಟ್ಟ ಗುರಿಗಿಂತ ಕೇವಲ 100 ಹೆಚ್ಚಿತ್ತು. ಅವರು ವಾರಕ್ಕೆ 22 ಮೈಲಿ ನಡೆದರು. ನಾನು ಅದಕ್ಕಿಂತ ಹೆಚ್ಚು ಓಡುತ್ತಿದ್ದೆ. ಆ ಪುಟವನ್ನು ಓದಿದ ದಿನ ಆ್ಯಪ್ ಅಳಿಸಿದೆ.

ವಾಚಿನ ಮೇಲಿನ ನಂಬಿಕೆಯೂ ಆಗಲೇ ಹೋಯಿತು. 2017ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಮಣಿಕಟ್ಟಿನ ಏಳು ಸಾಧನಗಳನ್ನು ಪರೀಕ್ಷಿಸಿದ್ದರು. ಎದೆಬಡಿತದ ಎಣಿಕೆ ಬಹುಪಾಲು ಸರಿಯಿತ್ತು. ಕ್ಯಾಲೊರಿಯ ಅಂದಾಜಿನಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೇ ಸರಾಸರಿ 27 ಶೇಕಡಾ ತಪ್ಪಿತ್ತು, ಕೊನೆಯದು 93 ಶೇಕಡಾ. ತಿಂದದ್ದನ್ನು ಅಂದಾಜಿನಲ್ಲಿ ಬರೆದು, ಸುಟ್ಟದ್ದನ್ನು ಅಂದಾಜಿನಲ್ಲಿ ನಂಬಿ, ಎರಡರ ವ್ಯತ್ಯಾಸವನ್ನು ಒಂದೊಂದು ಕ್ಯಾಲೊರಿಯವರೆಗೆ ಲೆಕ್ಕ ಹಾಕುತ್ತಿದ್ದೆ. ಇನ್ನೊಂದು ಸೋರಿಕೆ ಸೋಫಾದ್ದು. ಲಾಂಗ್ ರನ್ ಮುಗಿಸಿದ ದಿನ ಮೆಟ್ಟಿಲು ಹತ್ತದೆ, ನಿಂತು ಮಾಡುವ ಕೆಲಸವನ್ನೂ ಕೂತೇ ಮಾಡಿ, ಓಟದಲ್ಲಿ ಕಳೆದದ್ದರಲ್ಲಿ ಒಂದು ಪಾಲನ್ನು ಮೈ ಸದ್ದಿಲ್ಲದೆ ವಾಪಸು ಪಡೆಯುತ್ತದೆ. ಸಂಶೋಧಕ ಹರ್ಮನ್ ಪಾಂಟ್ಜರ್ ತಾಂಜಾನಿಯದ ಹಾಡ್ಜಾ ಜನರ ನಡುವೆ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ದಿನವಿಡೀ ನಡೆದು, ಬೇಟೆಯಾಡಿ, ಗೆಡ್ಡೆ ಅಗೆಯುವ ಅವರು ದಿನಕ್ಕೆ ಖರ್ಚು ಮಾಡುವ ಒಟ್ಟು ಶಕ್ತಿ, ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರೆ, ಕುರ್ಚಿಯಲ್ಲಿ ಕೂತು ದುಡಿಯುವ ನಗರದವರಿಗಿಂತ ಹೆಚ್ಚೇನೂ ಇರಲಿಲ್ಲ. ಓಟವೊಂದರಿಂದಲೇ ತೂಕ ಇಳಿಯುತ್ತದೆ ಎಂಬ ನನ್ನ ಮೊದಲ ಲೆಕ್ಕ ಎಷ್ಟು ಒರಟಾಗಿತ್ತೆಂದು ಅಲ್ಲಿ ತಿಳಿಯಿತು.

ಹೊಗಳಿಕೆ

ನನಗಾದದ್ದು ರಸ್ತೆ ಬದಿಯಲ್ಲಿ ಕೂತದ್ದು, ಬ್ರೆಡ್ಡು ತಿಂದದ್ದು, ಅಷ್ಟೇ. ಜೊತೆಗೆ ಓಡುತ್ತಿದ್ದ ಗೆಳತಿಗಾದದ್ದನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ. ಅವಳಿಗೆ ನನ್ನ ಹಾಗೆ ರಾತ್ರಿಯ ಅಡುಗೆಮನೆ ಇರಲಿಲ್ಲ. ಅವಳ ಸಂಯಮ ಗಟ್ಟಿಯಿತ್ತು. ಅಪಾಯ ಬಂದದ್ದೂ ಅದರಿಂದಲೇ. ಅವಳು ವಾರವಾರವೂ ಇಳಿಯುತ್ತಿದ್ದಳು, ವೇಗವೂ ಹೆಚ್ಚುತ್ತಿತ್ತು, ನಾವೆಲ್ಲ ಹೊಗಳುತ್ತಿದ್ದೆವು. "ಎಷ್ಟು ಚೆನ್ನಾಗಿ ಆಗಿದ್ದೀಯ" ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ. ನಂತರ ಮೊಣಕಾಲ ಕೆಳಗಿನ ಮೂಳೆಯಲ್ಲಿ ನೋವು ಶುರುವಾಯಿತು. ಮೊದಲು ಓಡುವಾಗ, ಆಮೇಲೆ ನಡೆಯುವಾಗ, ಕೊನೆಗೆ ಮಲಗಿದಾಗಲೂ. ಸ್ಕ್ಯಾನಿನಲ್ಲಿ ಮೂಳೆ ಬಿರುಕು ಬಿಟ್ಟಿತ್ತು. ವೈದ್ಯೆ ಕೇಳಿದ ಮೊದಲ ಪ್ರಶ್ನೆ ಓಟದ ಬಗ್ಗೆ ಅಲ್ಲ, ಮುಟ್ಟು ನಿಂತು ಎಷ್ಟು ದಿನವಾಯಿತು ಎಂದು. ಏಳು ತಿಂಗಳಾಗಿತ್ತು. ಹೆಚ್ಚು ಓಡಿದರೆ ಹಾಗಾಗುವುದು ಸಹಜವೆಂದು ಅವಳು ಅಂದುಕೊಂಡಿದ್ದಳು; ಓಡುವವರ ನಡುವೆ ಹಾಗೆ ಹೇಳುವವರೂ ಇದ್ದರು.

ಅದು ಸಹಜವಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟರು. ಓಟಕ್ಕೆ ಕೊಟ್ಟು ಮಿಕ್ಕ ಶಕ್ತಿ ಮೈಯ ಉಳಿದ ಕೆಲಸಗಳಿಗೆ ಸಾಲದೆ ಹೋಗುವ ಸ್ಥಿತಿ. ಲೆಕ್ಕ ಸರಳ. ತಿಂದದ್ದರಿಂದ ವ್ಯಾಯಾಮಕ್ಕೆ ಹೋದದ್ದನ್ನು ಕಳೆಯಬೇಕು, ಉಳಿದದ್ದನ್ನು ಕೊಬ್ಬು ಬಿಟ್ಟ ಮೈತೂಕದಿಂದ ಭಾಗಿಸಬೇಕು. ಕಿಲೋಗೆ 45 ಕ್ಯಾಲೊರಿಯ ಆಸುಪಾಸು ಉಳಿದರೆ ಮೈ ನೆಮ್ಮದಿಯಾಗಿರುತ್ತದೆ. 30ರ ಕೆಳಗೆ ಬಹುಕಾಲ ಇದ್ದರೆ ಹಾರ್ಮೋನುಗಳು ಒಂದೊಂದೇ ಬಾಗಿಲು ಮುಚ್ಚತೊಡಗುತ್ತವೆ. ಅವಳ ಅಂಕಿಗಳನ್ನೇ ಇಟ್ಟು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ತೂಕ 60 ಕಿಲೋ, ಕೊಬ್ಬು ಬಿಟ್ಟು 48. ದಿನಕ್ಕೆ 12 ಕಿಲೋಮೀಟರ್ ಓಟ, ಎಂದರೆ ಸುಮಾರು 720 ಕ್ಯಾಲೊರಿ. ತಿನ್ನುತ್ತಿದ್ದದ್ದು 1,800. ಕಳೆದರೆ 1,080, ಭಾಗಿಸಿದರೆ 22.5. ಅವಳು ಆ ಕಾಗದವನ್ನು ಬಹಳ ಹೊತ್ತು ನೋಡುತ್ತಾ ಕೂತಳು. 1,800 ಎಂಬುದು ಧಾರಾಳವಾಯಿತೆಂದು ಅವಳಿಗೆ ಪಾಪಪ್ರಜ್ಞೆ ಇತ್ತಂತೆ. ಗಂಡಸರಿಗೂ ಇದು ತಪ್ಪಿದ್ದಲ್ಲ. ಟೆಸ್ಟೊಸ್ಟೆರಾನ್ ಇಳಿಯುತ್ತದೆ, ಮೂಳೆ ದುರ್ಬಲವಾಗುತ್ತದೆ, ನೆಗಡಿ ಬಿಡದೆ ಕಾಡುತ್ತದೆ. ಮುಟ್ಟು ತಪ್ಪುವಂಥ ಸೂಚನೆ ಅವರಿಗಿಲ್ಲದ ಕಾರಣ ಗೊತ್ತಾಗುವುದು ಇನ್ನೂ ತಡ. ಆ ದಿನದಿಂದ ಯಾರಾದರೂ ಸಣ್ಣಗಾದರೆ ಹೊಗಳುವುದನ್ನು ಬಿಟ್ಟಿದ್ದೇನೆ. ನಿದ್ದೆ ಹೇಗೆ ಬರುತ್ತಿದೆ ಎಂದು ಕೇಳುತ್ತೇನೆ.

ಎರಡು ತಟ್ಟೆ

ತೂಕ ಇಳಿಸುವವರಿಗೆ ಹೇಳುವ ಮಾತು, ದೂರ ಓಡುವವರಿಗೆ ಹೇಳುವ ಮಾತು, ಎರಡನ್ನೂ ಒಂದೇ ಹೊತ್ತಿಗೆ ಪಾಲಿಸಲು ಹೋದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಒಬ್ಬರು ನಾರು ಹೆಚ್ಚಿಸಿ ಎನ್ನುತ್ತಾರೆ. ಇನ್ನೊಬ್ಬರು ಓಟದ ಹಿಂದಿನ ರಾತ್ರಿ ನಾರು ಕಡಿಮೆ ಮಾಡಿ ಎನ್ನುತ್ತಾರೆ, ಇಲ್ಲವಾದರೆ ಅರ್ಧ ದಾರಿಯಲ್ಲಿ ಹೊಟ್ಟೆ ತೊಳಸುತ್ತದೆ. ಒಬ್ಬರು ಸಕ್ಕರೆ ಬಿಡಿ ಎನ್ನುತ್ತಾರೆ. ಇನ್ನೊಬ್ಬರು ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ತೆಗೆದುಕೊಳ್ಳಿ ಎನ್ನುತ್ತಾರೆ. ಇಬ್ಬರೂ ಸರಿ. ನನಗೆ ಇದು ಅರ್ಥವಾಗದೆ ಇದ್ದದ್ದಕ್ಕೆ ಕಾರಣ, ಆಹಾರವನ್ನು ಒಳ್ಳೆಯದು, ಕೆಟ್ಟದ್ದು ಎಂದು ಎರಡು ಕಪಾಟಿನಲ್ಲಿ ಇಟ್ಟಿದ್ದೆ. ಮಂಗಳವಾರ ರಾತ್ರಿ ಕಾಳು, ಸೊಪ್ಪು ತುಂಬಿದ ತಟ್ಟೆ ನನಗೆ ಬೇಕಾದದ್ದೇ. ಶನಿವಾರ ರಾತ್ರಿ ಅದೇ ತಟ್ಟೆ ಭಾನುವಾರದ ಓಟವನ್ನು ಕೆಡಿಸುತ್ತದೆ. ಶನಿವಾರಕ್ಕೆ ಬಿಳಿ ಅನ್ನ ಬೇಕು, ಎರಡು ಸಲ ಬಡಿಸಿಕೊಂಡು. ಜೆಲ್‌ನಲ್ಲಿನ 25 ಗ್ರಾಂ ಸಕ್ಕರೆ ಮೇಜಿನ ಮುಂದೆ ಕೂತಾಗ ಬೇರೆ, ಎರಡನೆಯ ಗಂಟೆ ಓಡುತ್ತಿರುವ ಸ್ನಾಯುವಿಗೆ ಬೇರೆ.

ಸ್ನಾಯು ಹೇಗೆ ತುಂಬಿಕೊಳ್ಳುತ್ತದೆ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಪ್ರಯೋಗ 1966ರದ್ದು. ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್, ಎರಿಕ್ ಹಲ್ಟ್‌ಮನ್ ತಮ್ಮ ಮೇಲೆಯೇ ಮಾಡಿಕೊಂಡದ್ದು. ಒಂದು ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕೂತು, ಒಬ್ಬೊಬ್ಬರು ಒಂದೊಂದೇ ಕಾಲಿನಲ್ಲಿ, ಆ ಕಾಲು ಸೋಲುವವರೆಗೆ ತುಳಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ನಂತರ ಮೂರು ದಿನ ಪಿಷ್ಟ ಹೆಚ್ಚಿರುವ ಊಟ. ಎರಡೂ ತೊಡೆಗೆ ಸೂಜಿ ಚುಚ್ಚಿ ಸ್ನಾಯುವಿನ ಚೂರು ತೆಗೆದು ನೋಡಿದರೆ, ದುಡಿದ ಕಾಲಿನಲ್ಲಿ ಸುಮ್ಮನಿದ್ದ ಕಾಲಿನ ಹೆಚ್ಚುಕಡಿಮೆ ಎರಡರಷ್ಟು ಗ್ಲೈಕೋಜನ್! ಒಂದೇ ಹೊಟ್ಟೆ, ಒಂದೇ ರಕ್ತ, ಒಂದೇ ಊಟ. ದುಡಿದ ಕಾಲು ಮಾತ್ರ ಕೈಚಾಚಿ ತೆಗೆದುಕೊಂಡಿತ್ತು. ಲಾಂಗ್ ರನ್ ಮುಗಿಸಿ ಬಂದ ಮೇಲೆ ಬಡಿಸಿಕೊಂಡ ಅನ್ನ ಸೊಂಟಕ್ಕೆ ಹೋಗುತ್ತದೆ ಎಂಬ ನನ್ನ ಹಳೆಯ ಭಯ ಇದನ್ನು ಓದಿದ ಮೇಲೆ ಕರಗಿತು.

ಆದರೆ ತೂಕದ ಮಷೀನು ಆ ಭಯವನ್ನು ವಾಪಸು ತರಲು ನೋಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿಯಾದ ಸ್ನಾಯುವಿಗೆ 400 ಗ್ರಾಂ ತುಂಬಿತೆಂದರೆ ತೂಕ ಒಂದೂವರೆ ಕಿಲೋ ಏರಿತು. ಅದು ಕೊಬ್ಬಲ್ಲ, ಮುಂದಿನ ಓಟದ ಬುತ್ತಿ. ಹಾಗೆಯೇ ತಿನ್ನದೆ ಓಡಿದ ಮರುದಿನ ಇಳಿದು ಕಾಣುವ ಎರಡು ಕಿಲೋದಲ್ಲಿ ಬಹುಪಾಲು ಬೆವರು, ಖಾಲಿಯಾದ ಬುತ್ತಿ. ನಾನು ಹಬ್ಬ ಮಾಡಿದ್ದು ಈ ಇಳಿಕೆಗೆ, ಅತ್ತದ್ದು ಆ ಏರಿಕೆಗೆ. ಈಗ ದಿನದ ಅಂಕಿಯನ್ನು ನೋಡುವುದಿಲ್ಲ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ಅಷ್ಟು ಸಾಕು.

ಈ ಸಲದ ತಯಾರಿಗೆ ಮೊದಲೇ ಹದಿನಾರು ವಾರ ತೂಕಕ್ಕೆಂದೇ ಎತ್ತಿಟ್ಟೆ. ಆಗ ಓಟ ಕಡಿಮೆ, ಎಲ್ಲ ಸಾವಕಾಶ, ವಾರಕ್ಕೆರಡು ದಿನ ಭಾರ ಎತ್ತುವುದು. ಊಟದಲ್ಲಿ ಕಡಿತ ದಿನಕ್ಕೆ ಸರಾಸರಿ 300 ಕ್ಯಾಲೊರಿಯಷ್ಟು, ವಿಶ್ರಾಂತಿಯ, ಸಣ್ಣ ಓಟದ ದಿನಗಳಲ್ಲಿ ಸ್ವಲ್ಪ ಹೆಚ್ಚಾಗಿ. ದೂರದ ಓಟದ ದಿನ, ಅದರ ಹಿಂದಿನ ರಾತ್ರಿ, ಕಡಿತ ಇಲ್ಲವೇ ಇಲ್ಲ. ಓಟದ ಮುಂಚಿನ ತುತ್ತು, ಓಟದ ನಂತರದ ತುತ್ತು, ಇವೆರಡನ್ನು ಯಾವ ದಿನವೂ ಮುಟ್ಟಲಿಲ್ಲ. ಪ್ರೋಟೀನು ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಬರುವಂತೆ ನೋಡಿಕೊಂಡೆ, ನನಗೆ ಅದು ದಿನಕ್ಕೆ 120 ಗ್ರಾಮಿನ ಆಸುಪಾಸು. ಮೊಟ್ಟೆ, ಕಾಳು, ಹಾಲು ಸೇರಿ ಪ್ರತಿ ಊಟದಲ್ಲೂ ಅದರದೊಂದು ಪಾಲು. ನಿಧಾನ ಎಂಬುದೇ ಕಷ್ಟವಾಗಿತ್ತು. ಮನಸ್ಸು ವಾರಕ್ಕೆ ಒಂದು ಕಿಲೋ ಕೇಳುತ್ತದೆ. ಆಗೆಲ್ಲ ನಾರ್ವೆಯ ಕ್ರೀಡಾಪಟುಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವನ್ನು ನೆನಪಿಸಿಕೊಳ್ಳುತ್ತಿದ್ದೆ. ವಾರಕ್ಕೆ ಮೈತೂಕದ 0.7 ಶೇಕಡಾ ಇಳಿಸಿದ ಗುಂಪು ಭಾರ ಎತ್ತುತ್ತಾ ಸ್ನಾಯುವನ್ನು 2.1 ಶೇಕಡಾ ಹೆಚ್ಚಿಸಿಕೊಂಡಿತ್ತು. 1.4 ಶೇಕಡಾ ಇಳಿಸಿದ ಗುಂಪಿಗೆ ಆ ಲಾಭ ಸಿಗಲಿಲ್ಲ. ನಾನು ಇಳಿಸಿದ್ದು ಅದಕ್ಕಿಂತಲೂ ನಿಧಾನ, ವಾರಕ್ಕೆ 300 ಗ್ರಾಂ. ಹದಿನಾರು ವಾರದ ಕೊನೆಗೆ 74.1.

ಗುರಿ 70 ಇತ್ತು. ಇನ್ನೂ ನಾಲ್ಕು ಕಿಲೋ ಬಾಕಿ. ಮ್ಯಾರಥಾನ್ ತಯಾರಿ ಶುರುವಾಗುವ ಸೋಮವಾರ ಬಂದಾಗ ಅಲ್ಲಿಗೆ ನಿಲ್ಲಿಸಿದೆ. ಬಹಳ ಕಷ್ಟಪಟ್ಟು ನಿಲ್ಲಿಸಿದೆ. ಕೈಗೆ ಬರುತ್ತಿದ್ದದ್ದನ್ನು ಬಿಟ್ಟುಕೊಟ್ಟ ಹಾಗೆ ಅನಿಸಿತು. ಎರಡು ವಾರ ದಿನವೂ ಮನಸ್ಸು ಚೌಕಾಸಿ ಮಾಡಿತು: ಇನ್ನೊಂದು ಕಿಲೋ, ಒಂದೇ ಒಂದು. ನಾಲ್ಕನೆಯ ವಾರ ಒಂದು ಬುಧವಾರ, ಬೆಟ್ಟದಂಥ ಏರನ್ನು ಎಂಟು ಸಲ ಹತ್ತಿ ಇಳಿಯುವ ಅಭ್ಯಾಸ. ಏಳನೆಯದರಲ್ಲಿ ಕಾಲು ಇನ್ನೂ ನನ್ನ ಮಾತು ಕೇಳುತ್ತಿತ್ತು. ಎಂಟನೆಯದು ಮೊದಲನೆಯದಕ್ಕಿಂತ ಎರಡು ಸೆಕೆಂಡು ಬೇಗ. ಮನೆಗೆ ಬಂದು, ಮಧ್ಯಾಹ್ನ ಹೊಟ್ಟೆತುಂಬ ಉಂಡು, ರಾತ್ರಿ ಒಂಬತ್ತೂವರೆಗೆ ಮಲಗಿದ ನನಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ. ಫ್ರಿಜ್ಜಿನ ಬಾಗಿಲ ನೆನಪೂ ಬರಲಿಲ್ಲ. ಅಂಥ ರಾತ್ರಿಗಳು ಈಗ ಸಾಲಾಗಿ ಬರುತ್ತಿವೆ. 70 ಮುಂದಿನ ವರ್ಷದ್ದೋ, ಅದರ ಮುಂದಿನದ್ದೋ, ಬಾರದೆಯೂ ಇರಬಹುದು.

ಗೆಳತಿ ಮೂರು ತಿಂಗಳ ಹಿಂದೆ ಮತ್ತೆ ಓಡಲು ಶುರುಮಾಡಿದ್ದಾಳೆ. ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಈಗ ನನ್ನ ಜೊತೆ 14 ಕಿಲೋಮೀಟರಿನವರೆಗೆ. ಆರು ಕಿಲೋ ಹೆಚ್ಚಾಗಿದ್ದಾಳೆ, ಮುಟ್ಟು ಮರಳಿದೆ. ಹಿಂದೆಂದೂ ಅವಳು ಓಟದ ನಡುವೆ ಏನನ್ನೂ ತಿಂದದ್ದನ್ನು ನಾನು ನೋಡಿರಲಿಲ್ಲ. ಕಳೆದ ವಾರ ಎಂಟನೆಯ ಕಿಲೋಮೀಟರಿನಲ್ಲಿ ಸೊಂಟದ ಚೀಲ ಬಿಚ್ಚಿ, ಖರ್ಜೂರ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಕಡೆ ಚಾಚಿದಳು. ಓಡುತ್ತಲೇ ತಿಂದೆವು. ಬೀಜ ಉಗುಳಲು ಮಾತ್ರ ಒಂದು ಕ್ಷಣ ನಿಂತೆವು.

ನಾಳೆ ಬೆಳಿಗ್ಗೆ 30 ಕಿಲೋಮೀಟರ್ ಇದೆ, ಈ ತಯಾರಿಯಲ್ಲಿ ಎಲ್ಲಕ್ಕಿಂತ ದೂರದ್ದು. ಜೆಲ್ ನಾಲ್ಕು ಎಣಿಸಿ ಮೇಜಿನ ಮೇಲಿಟ್ಟಿದ್ದೇನೆ, ಮೊದಲನೆಯದು ನಲವತ್ತನೆಯ ನಿಮಿಷಕ್ಕೆ. ಪಕ್ಕದಲ್ಲಿ ಎರಡು ಬಾಳೆಹಣ್ಣು: ಒಂದು ಹೊರಡುವ ಮುಂಚೆ ತಿನ್ನಲು, ಇನ್ನೊಂದು ಚೀಲದಲ್ಲಿಟ್ಟುಕೊಳ್ಳಲು, ದಾರಿಯಲ್ಲಿ ಯಾರಿಗಾದರೂ ಬೇಕಾದರೆ. ಗಂಟೆ ಏಳಾಯಿತು. ಅನ್ನಕ್ಕೆ ಇಡಬೇಕು.